೨೧೪೬೩ ನಂಬರಿನ ಬಸವ

ಲಂಡನ್
೧೨ ಆಗಸ್ಟ್ ೧೯೫೪

ಅಕ್ಕ ಶಾಂತಮಲ್ಲಮ್ಮನಿಗೆ ತಮ್ಮ ಶಂಭುಲಿಂಗಪ್ಪನ ನಮಸ್ಕಾರ.

ಈ ಕಾಗದವನ್ನು ನಿನ್ನ ಶಾಲೆಯಲ್ಲೇ ಒಡೆದು ಓದಿಬಿಡಬೇಡ. ಶನಿವಾರ ಗುಂಡ್ಲುಪೇಟೆಯಿಂದ ಹರವೆಗೆ ಹೋಗುತ್ತೀಯಲ್ಲ, ಆಗ ಅಪ್ಪನ ಎದುರಿಗೆ ಗಟ್ಟಿಯಾಗಿ ಓದು. ಅಕ್ಟೋಬರಿನಲ್ಲಿ ದಕ್ಷಿಣ ಧ್ರುವದ ಕಡೆಗೆ ಹೊರಡುವ ಸಂಶೋಧನೆಯ ಹಡಗಿಗೆ ನನ್ನನ್ನು ಆರಿಸಿದ್ದಾರೆ. ಅರ್ಜಿ ಹಾಕಿದವರು ಹನ್ನೊಂದು ಜನ. ತೆಗೆದುಕೊಂಡದ್ದು ಇಬ್ಬರನ್ನು. ಅವರಲ್ಲೊಬ್ಬ ಹರವೆಯ ವೃಷಭೇಂದ್ರಪ್ಪನವರ ಮಗ.

ಕೆಲಸ ಏನೆಂದರೆ ತಿಮಿಂಗಿಲ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ಆಳ ಮುಳುಗುತ್ತದೆ, ಏನು ತಿನ್ನುತ್ತದೆ ಎಂದು ತಿಳಿಯುವುದು. ಎಪ್ಪತ್ತು ಅಡಿ ಉದ್ದದ ಪ್ರಾಣಿ ಅದು. ನಮ್ಮ ಹಜಾರ, ನಡುಮನೆ, ಕೊಟ್ಟಿಗೆ ಮೂರನ್ನೂ ಸಾಲಾಗಿ ಇಟ್ಟರೂ ಬಾಲ ಹೊರಗೇ ಉಳಿಯುತ್ತದೆ. ಕಟ್ಟಿಹಾಕಿ ನೋಡುವಂಥದ್ದಲ್ಲ. ಆದ್ದರಿಂದ ಗೇಣುದ್ದದ ಉಕ್ಕಿನ ಕೊಳವೆಯೊಂದನ್ನು ಬಂದೂಕಿನಿಂದ ಅದರ ಬೆನ್ನಿಗೆ ಹೊಡೆಯುತ್ತೇವೆ. ಕೊಳವೆಯ ಮೇಲೆ ನಂಬರು ಕೆತ್ತಿರುತ್ತದೆ. ಅಷ್ಟು ದೊಡ್ಡ ಮೈಗೆ ಜಾಲಿಮುಳ್ಳು ಚುಚ್ಚಿದಷ್ಟು ನೋವು, ಅಷ್ಟೇ. ಮುಂದೆ ಯಾವಾಗಲಾದರೂ ಆ ನಂಬರು ಸಿಕ್ಕಿದರೆ, ಇದು ಇಲ್ಲಿಂದ ಇಲ್ಲಿಗೆ ಬಂತು ಎಂದು ಗೊತ್ತಾಗುತ್ತದೆ.

ತಿಮಿಂಗಿಲ ಸಂಶೋಧನೆಯ ಕೆಲಸಕ್ಕೆಂದು ನಾನು ಊರು ಬಿಟ್ಟ ದಿನ ಚಾಮರಾಜನಗರದ ಸ್ಟೇಷನ್ನಿನಲ್ಲಿ ರೈಲು ಅಲುಗಿದಾಗ ಅಪ್ಪ ಕಿಟಕಿಯ ಹತ್ತಿರ ಬಂದು ಒಂದೇ ಮಾತು ಕೇಳಿದ್ದರು: "ಜೀವ ತಗ್ಯೋ ಕೆಲ್ಸ ಅಲ್ಲ ತಾನೇನ್ಲಾ?" ಅಲ್ಲ ಎಂದಿದ್ದೆ. ಈಗಲೂ ಅದೇ ಉತ್ತರ. ನಮ್ಮ ಹಡಗಿನಲ್ಲಿ ಒಂದು ತಿಮಿಂಗಿಲವನ್ನೂ ಕೊಲ್ಲುವುದಿಲ್ಲ. ಅಪ್ಪನಿಗೆ ಇದನ್ನು ಎರಡು ಸಲ ಓದಿ ಹೇಳು.

ನಿನ್ನ ತಮ್ಮ
ಶಂಭು

ಹರವೆ
೫ ಸೆಪ್ಟೆಂಬರ್ ೧೯೫೪

ಚಿರಂಜೀವಿ ಶಂಭುವಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನೀನು ಚೆನ್ನಾಗಿರುವುದು ನಿನ್ನ ಬರವಣಿಗೆಯ ಠೀವಿಯಲ್ಲೇ ಕಾಣುತ್ತದೆ. "ಹರವೆಯ ವೃಷಭೇಂದ್ರಪ್ಪನವರ ಮಗ" ಎಂಬ ಸಾಲನ್ನು ಅಪ್ಪ ಎರಡಲ್ಲ, ನಾಲ್ಕು ಸಲ ಓದಿಸಿದರು. ನಾಲ್ಕನೆಯ ಸಲ ಬೀದಿಯಲ್ಲಿ ಹೋಗುತ್ತಿದ್ದವರನ್ನು ಕರೆದು ಕೂರಿಸಿಕೊಂಡು ಓದಿಸಿದರು.

ಓದು ಮುಗಿದ ಮೇಲೆ ಮೀಸೆ ತಿರುವಿಕೊಂಡು, "ಅರ್ಥ ಆಯ್ತು ಬುಡು. ಬಸವ ಬುಡ್ತವ್ನೆ" ಎಂದರು. ನನಗೆ ಅರ್ಥವಾಗಲಿಲ್ಲ. "ಅದ್ಯಾಕಮ್ಮಿ ಅಂಗ್ ನೋಡೀಯೆ? ನಾವು ಓರಿಕರ ದೇವ್ರಿಗೆ ಬುಟ್ಟಾಗ ತೊಡೆಗೆ ಮುದ್ರೆ ಆಕಾಕಿಲ್ವ? ಮುದ್ರೆ ಬಿದ್ದ ಬಸ್ವನ್ನ ಯಾರಾರ ಉಳಾಕೆ ಕಟ್ತಾರಾ? ಕಟುಕ ಮುಟ್ತಾನಾ? ಇವ್ನು ಸಮುದ್ರದಲ್ಲಿ ಅದೇ ಕೆಲ್ಸ ಮಾಡಾಕೆ ಓಗವ್ನೆ" ಎಂದರು.

ನನಗೂ ಸರಿಯೆನ್ನಿಸಿತು. ಸಂತೋಷವೂ ಆಯಿತು. ನೀನು ಹೋದಾಗಿನಿಂದ ದಾಯಾದಿ ಮರಿಮಲ್ಲಪ್ಪ ಎದುರಿಗೆ ಸಿಕ್ಕಿದಾಗಲೆಲ್ಲ "ಲಿಂಗ ಕಟ್ಕೊಂಡೋನು ಕಟುಕ್ರ ಅಡಗು ಅತ್ತವ್ನಂತಲ್ಲಪ್ಪೋ" ಎಂದು ಅಪ್ಪನನ್ನು ಚುಚ್ಚುತ್ತಲೇ ಇದ್ದ; ತಿಮಿಂಗಿಲದ ಕೆಲಸ ಎಂದರೆ ಅವನಿಗೆ ಕೊಲ್ಲುವವರ ಹಡಗೇ. ಹಾಗಾಗಿ ಸೋಮವಾರ ಮಠದ ಜಗಲಿಯ ಮೇಲೆ ಹಿರಿಯರು ಕೂಡಿದಾಗ ಅಪ್ಪ ಎದ್ದು ನಿಂತು ಹೇಳಿಯೇಬಿಟ್ಟರು: "ನನ್ನ ಮಗ ಮುದ್ರೆ ಆಕಿದ್ದನ್ನ ಯಾರೂ ಕೊಲ್ಲಾಕಿಲ್ಲ. ಇದು ನನ್ನ ಮಾತು."

ಅಪ್ಪನ ಮಾತು ಎಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಕಳೆದುಹೋದ ದನ ಯಾರದು, ಯಾವ ಊರಿನದು ಎಂದು ಮುದ್ರೆ ನೋಡಿ ಅವರು ಹೇಳಿದರೆ ಪುಣಜನೂರಿನಿಂದ ಭೀಮನಬೀಡಿನವರೆಗೆ ಎರಡನೆಯ ಮಾತಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರು ಮಾತು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಮರಿಮಲ್ಲಪ್ಪ ಬಾಯಿ ಮುಚ್ಚಿಕೊಂಡ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಪ್ಪನ ಪ್ರಶ್ನೆಗಳು ಇವು. ಅದು ಎಷ್ಟು ಹೊತ್ತು ಉಸಿರು ಕಟ್ಟಿಕೊಂಡಿರುತ್ತದೆ? ಹಲ್ಲಿಲ್ಲದೆ ಹೇಗೆ ತಿನ್ನುತ್ತದೆ? ನಮ್ಮ ಹೊಲದ ಬಾವಿ ಎಂಟು ಮಾರು ಆಳ, ಅದು ಎಷ್ಟು ಮಾರು ಮುಳುಗುತ್ತದೆ? ಉತ್ತರ ಬರೆಯದಿದ್ದರೆ ನನ್ನನ್ನು ಪೀಡಿಸುತ್ತಾರೆ. ಹುರಿಹಿಟ್ಟಿನ ಡಬ್ಬ ಬೇರೆ ಪಾರ್ಸೆಲಿನಲ್ಲಿ ಬರುತ್ತಿದೆ.

ನಿನ್ನ ಅಕ್ಕ
ಶಾಂತಮಲ್ಲಮ್ಮ

ಹಡಗಿನಿಂದ, ದಕ್ಷಿಣ ಸಮುದ್ರ
೯ ಡಿಸೆಂಬರ್ ೧೯೫೪

ಪ್ರೀತಿಯ ಅಕ್ಕ,

ಇಲ್ಲಿಂದ ಅಂಚೆ ಹೋಗುವುದು ಎದುರಿಗೆ ಬರುವ ಹಡಗಿನವರು ಕೃಪೆ ಮಾಡಿದರೆ ಮಾತ್ರ. ನಿನಗೆ ಯುಗಾದಿಯ ಹೊತ್ತಿಗೆ ತಲುಪಿದರೆ ಪುಣ್ಯ.

ಮೊನ್ನೆ ನಾನೇ ಬಂದೂಕು ಹಿಡಿದೆ. ಹಡಗಿನ ಮೂತಿಯಲ್ಲಿ ನನ್ನನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿದ್ದರು. ಚಳಿಗೆ ವಿಭೂತಿಯೂ ಹಣೆಯ ಮೇಲೆ ನಿಲ್ಲುವುದಿಲ್ಲ, ಒಡೆದು ಉದುರುತ್ತದೆ. ಎದುರಿಗೆ ನೀರು ಉಬ್ಬಿತು, ಬೆನ್ನು ಎದ್ದಿತು, ಎದ್ದೇ ಎದ್ದಿತು, ಮುಗಿಯಲೇ ಇಲ್ಲ. ಅದು ಬಿಟ್ಟ ಉಸಿರು ಮುಖಕ್ಕೆ ಬಡಿಯಿತು, ಕೊಳೆತ ಮೀನಿನ ವಾಸನೆ. ಬಂದೂಕಿನ ಕುದುರೆ ಎಳೆದೆ. ಕೊಳವೆ ಸರಿಯಾದ ಜಾಗದಲ್ಲಿ ಕೂತಿತು. ಪಕ್ಕದಲ್ಲಿದ್ದವನು ಕೂಗಿ ಹೇಳಿದ ನಂಬರನ್ನು ನಾನೇ ಪುಸ್ತಕದಲ್ಲಿ ಬರೆದೆ: ೨೧೪೬೩. ನನ್ನ ಕೈಯಿಂದ ಗುರುತು ಬಿದ್ದ ಮೊದಲನೆಯದು. ಆ ರಾತ್ರಿ ಸಂತೋಷಕ್ಕೆ ಊಟ ಸೇರಲಿಲ್ಲ.

ಅಪ್ಪನಿಗೆ ಉತ್ತರ. ೨೧೪೬೩ ಮುಳುಗಿದ ಕ್ಷಣ ಗಡಿಯಾರ ಒತ್ತಿದೆ. ಮೇಲೆ ಬಂದದ್ದು ಹದಿಮೂರು ನಿಮಿಷಕ್ಕೆ. ಆರೇಳು ಸಲ ಉಸಿರೆಳೆದುಕೊಂಡು ಮತ್ತೆ ಮುಳುಗಿತು, ಈ ಸಲ ಹನ್ನೊಂದು ನಿಮಿಷ. ಹೀಗೆ ಸಂಜೆಯವರೆಗೂ ಅದರ ಹಿಂದೆಯೇ ಸುತ್ತಿದೆವು. ಹಲ್ಲು ಇಲ್ಲವೇ ಇಲ್ಲ. ಮೇಲಿನ ದವಡೆಯಿಂದ ಪೊರಕೆಯ ಕಡ್ಡಿಗಳಂಥ ಎಳೆಗಳು ಸಾಲಾಗಿ ಇಳಿಬಿದ್ದಿರುತ್ತವೆ. ಬಾಯಿ ತೆರೆದು ಒಂದು ಬಾವಿಯಷ್ಟು ನೀರು ತುಂಬಿಕೊಂಡು, ನಾಲಗೆ ಒತ್ತಿ ನೀರನ್ನು ಹೊರಗೆ ದೂಡುತ್ತದೆ. ಕಿರುಬೆರಳಿನಷ್ಟು ಕೆಂಪು ಸಿಗಡಿಗಳು ಒಳಗೆ ಉಳಿಯುತ್ತವೆ. ಅವು ಕೋಟ್ಯಂತರ. ಹಿಂಡು ಬಂದರೆ ಸಮುದ್ರವೇ ಮದುವೆಮನೆಯ ಓಕುಳಿಯಂತೆ ಕಾಣುತ್ತದೆ. ಅಷ್ಟು ದೊಡ್ಡ ಮೈ ಅಷ್ಟು ಸಣ್ಣ ತುತ್ತಿನಿಂದ ಬೆಳೆಯುತ್ತದೆ ಎಂದರೆ ನನಗೆ ಇನ್ನೂ ನಂಬಿಕೆ ಬರುವುದಿಲ್ಲ.

ಎಷ್ಟು ಮಾರು ಮುಳುಗುತ್ತದೆ ಎಂಬುದು ಮಾತ್ರ ಇಲ್ಲಿ ಯಾರಿಗೂ ಗೊತ್ತಿಲ್ಲ. ಅಪ್ಪ ಕೇಳಿದ ಪ್ರಶ್ನೆಯನ್ನೇ ನಮ್ಮ ಮುಖ್ಯಸ್ಥರೂ ಕೇಳುತ್ತಾರೆ ಎಂದು ಅವರಿಗೆ ಹೇಳು.

ಬಸವನ ಮಾತು ಓದಿ ನಗು ಬಂತು. ಅದು ಪೂರ್ತಿ ಹಾಗೇ ಅಲ್ಲ. ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಶಂಭು

ಹರವೆ
೩ ಏಪ್ರಿಲ್ ೧೯೫೫

ಶಂಭು,

ಯುಗಾದಿಗೆ ಎರಡು ದಿನ ಮುಂಚೆ ನಿನ್ನ ಕಾಗದ ಬಂತು, ಊರಿಗೇ ಹಬ್ಬವಾಯಿತು. ಹದಿಮೂರು ನಿಮಿಷ ಎಂದರೆ ಎಷ್ಟು ಎಂದು ತಿಳಿಯಲು ಅಪ್ಪ ಗಡಿಯಾರ ಇಟ್ಟುಕೊಂಡು ಉಸಿರು ಬಿಗಿಹಿಡಿದು ಕುಳಿತರು. ಅರ್ಧ ನಿಮಿಷಕ್ಕೆ ಮುಖ ಕೆಂಪಾಯಿತು. "ಇದು ಮನ್ಸನ್ ಕೈಲಾಗೋ ಕೆಲ್ಸ ಅಲ್ಲ ಕಣಮ್ಮಿ" ಎಂದು ಬಿಟ್ಟುಬಿಟ್ಟರು.

ಕೊನೆಯಲ್ಲಿ "ಪೂರ್ತಿ ಹಾಗೇ ಅಲ್ಲ" ಎಂದು ಬರೆದಿದ್ದೆಯಲ್ಲ, ಅದು ನಿನ್ನ ಎಂದಿನ ಸಂಕೋಚ ಎಂದುಕೊಂಡು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ಯಾರಾದರೂ ಹೊಗಳಿದರೆ ಬಾಗಿಲ ಹಿಂದೆ ಬಚ್ಚಿಟ್ಟುಕೊಳ್ಳುವ ಹುಡುಗ ನೀನು.

ಈಗ ಕೇಳು. ನಮ್ಮ ಕೆಂದೆ ಹಸು ಹಾಕಿದ ಹೋರಿಕರುವನ್ನು ಅಪ್ಪ ನಿನ್ನ ತಿಮಿಂಗಿಲದ ಹೆಸರಿನಲ್ಲಿ ಬಸವ ಬಿಟ್ಟರು! ಲಿಂಗಮುದ್ರೆಯ ಪಕ್ಕದಲ್ಲಿ ನಿನ್ನ ನಂಬರೂ ಬೀಳಬೇಕೆಂದು ಹಟ. ಕುಲುಮೆಯ ಚಿಕ್ಕಬಸವಯ್ಯನಿಗೆ ಅಂಕಿ ಬರುವುದಿಲ್ಲ. ನಾನು ನೆಲದ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದೆ, ಅವನು ಐದು ಕಬ್ಬಿಣ ಬಗ್ಗಿಸಿಕೊಟ್ಟ. ಕರು ಅರಚಿಕೊಂಡಾಗ ಅಪ್ಪ ಅದರ ಕತ್ತು ತಬ್ಬಿಕೊಂಡು "ಆಯ್ತು ಕಣಪ್ಪ, ಆಯ್ತು, ಇನ್ನು ನಿನ್ ತಂಟೆಗೆ ಯಾರೂ ಬರಾಕಿಲ್ಲ" ಎಂದು ಸಮಾಧಾನ ಮಾಡಿದರು. ಅವರ ಕಣ್ಣಿನಲ್ಲೂ ನೀರಿತ್ತು. ಹೊಗೆಗೆ ಬಂತು ಎಂದರು.

ಸೋಮವಾರ ಮಠದ ಜಗಲಿಗೆ ಕರುವನ್ನೇ ಹೊಡೆದುಕೊಂಡು ಹೋಗಿ ಹೇಳಿದರು: "ಈ ನಂಬ್ರಿನ ಕರ ಯಾರ ಒಲಕ್ಕೆ ನುಗ್ಗಿದ್ರೂ ಒಡೀಬ್ಯಾಡಿ. ಅಲ್ಲಿ ಸಮುದ್ರದಾಗೂ ಈ ನಂಬ್ರುದ್ದನ್ನ ಯಾರೂ ಮುಟ್ಟಾಕಿಲ್ಲ."

ನಮ್ಮ ಶಾಲೆಯ ಮಕ್ಕಳಿಗೆಲ್ಲ ಈಗ ಮಗ್ಗಿ ಬರದಿದ್ದರೂ ೨೧೪೬೩ ಬರುತ್ತದೆ. ಶಂಭು, ನಮಗೆಲ್ಲ ಎಷ್ಟು ಹೆಮ್ಮೆ ಎಂದು ಬರೆಯಲು ನನಗೆ ಬರುವುದಿಲ್ಲ. ಒಂದು ಫೋಟೋ ಕಳಿಸು.

ನಿನ್ನ ಅಕ್ಕ

ಲಂಡನ್
೧೮ ಜೂನ್ ೧೯೫೫

ಅಕ್ಕ,

ಇದು ನಿನಗೊಬ್ಬಳಿಗೆ. ಅಪ್ಪನ ಮುಂದೆ ಓದಬೇಡ.

೨೧೪೬೩ ಸತ್ತುಹೋಯಿತು. ಫೆಬ್ರವರಿ ಒಂಬತ್ತನೆಯ ತಾರೀಕು ತಿಮಿಂಗಿಲ ಹಿಡಿಯುವ ಹಡಗೊಂದು ಅದನ್ನು ಕೊಂದಿತು. ಕೊಬ್ಬನ್ನು ಎಣ್ಣೆಗೆ ಬೇಯಿಸುವಾಗ ಕೊಪ್ಪರಿಗೆಯ ತಳದಲ್ಲಿ ನನ್ನ ಕೊಳವೆ ಸಿಕ್ಕಿತು. ಅದನ್ನು ಒರೆಸಿ ಲಂಡನ್ನಿಗೆ ಕಳಿಸಿದ್ದಾರೆ. ಈಗ ನನ್ನ ಮೇಜಿನ ಮೇಲಿದೆ.

ನಾನು ಬರೆಯದೆ ಬಿಟ್ಟದ್ದು ಇದನ್ನೇ. ಆ ನಂಬರು ಸಿಗುವುದು ತಿಮಿಂಗಿಲ ಸತ್ತ ಮೇಲೆ ಮಾತ್ರ, ಬೇರೆ ದಾರಿಯೇ ಇಲ್ಲ. ನಮ್ಮ ಹಡಗು ಕೊಲ್ಲುವುದಿಲ್ಲ ಎಂದದ್ದು ನಿಜ, ಆದರೆ ಕೊಲ್ಲುವವರು ಕಳಿಸಿಕೊಟ್ಟರೆ ಮಾತ್ರ ನಮ್ಮ ಕೆಲಸ ಮುಗಿಯುತ್ತದೆ. ಸ್ಟೇಷನ್ನಿನಲ್ಲಿ ಅಪ್ಪ ಕೇಳಿದಾಗಲೇ ಇದು ನನಗೆ ಗೊತ್ತಿತ್ತು. ಹೇಳಿದ್ದರೆ ಕಳಿಸುತ್ತಿರಲಿಲ್ಲ.

ಕೊಳವೆ ಬಂದ ದಿನ ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ತಿಂಗಳಲ್ಲಿ ಅದು ಸಾವಿರದ ಇನ್ನೂರು ಮೈಲಿ ಹೋಗಿತ್ತು, ಅಷ್ಟು ದೂರ ಹೋಗುತ್ತದೆಂದು ಯಾರೂ ಎಣಿಸಿರಲಿಲ್ಲ. ಇಂಥ ಗುರುತುಗಳು ಸಾಕಷ್ಟು ಸಿಕ್ಕರೆ ಸಮುದ್ರದಲ್ಲಿ ಎಷ್ಟು ತಿಮಿಂಗಿಲ ಉಳಿದಿವೆ, ಕೊಲ್ಲುವುದನ್ನು ಎಲ್ಲಿಗೆ ನಿಲ್ಲಿಸದಿದ್ದರೆ ಕುಲವೇ ನಾಶವಾಗುತ್ತದೆ ಎಂದು ಗಟ್ಟಿಯಾಗಿ ಹೇಳಬಹುದು. ಇದು ಒಳ್ಳೆಯ ಕೆಲಸವೇ ಅಕ್ಕ. ನನಗೂ ಚಪ್ಪಾಳೆ ಹಿತವಾಗಿ ಕೇಳಿಸಿತು, ಅದನ್ನೂ ಬಚ್ಚಿಡುವುದಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಅಪ್ಪ ಮಾತು ಕೊಟ್ಟಿದ್ದಾರೆ, ಅದೂ ಮಠದ ಜಗಲಿಯಲ್ಲಿ, ನನ್ನನ್ನು ನಂಬಿ. ಕೆಲಸ ಬಿಟ್ಟು ಊರಿಗೆ ಬಂದುಬಿಡಲೇ? ಬಿಟ್ಟೆ ಎಂದರೆ ಊರಿನಲ್ಲಿ ಆ ನಂಬರಿನ ಬಗ್ಗೆ ಯಾರೂ ಏನೂ ಕೇಳುವುದಿಲ್ಲ.

ಶಂಭು

ಗುಂಡ್ಲುಪೇಟೆ
೧೦ ಜುಲೈ ೧೯೫೫

ಶಂಭು,

ನಿನ್ನ ಕಾಗದವನ್ನು ಅಕ್ಕಿಯ ಮಡಕೆಯ ತಳದಲ್ಲಿ ಇಟ್ಟಿದ್ದೇನೆ. ಅಕ್ಕಿ ತೆಗೆಯಲು ಕೈ ಹಾಕಿದಾಗಲೆಲ್ಲ ಅಲ್ಲೇ ಇದೆಯೇ ಎಂದು ಮುಟ್ಟಿ ನೋಡುತ್ತೇನೆ.

ಕೋಪ ಬಂದಿದೆ ನನಗೆ. ನೀನು ಬಚ್ಚಿಟ್ಟೆ, ಈಗ ನಾನೂ ಬಚ್ಚಿಡಬೇಕು. ಆ ಒಂದು ಸಾಲು ಓದದೆ ಬಿಟ್ಟವಳು ನಾನು, ಅದು ನನ್ನ ತಪ್ಪು, ಒಪ್ಪಿದೆ. ಆದರೆ ಅಪ್ಪನ ತಪ್ಪೇನು? ಕರು ಈಗ ಕೊಬ್ಬಿ ಮರಿಮಲ್ಲಪ್ಪನ ಅವರೆ ಹೊಲದಲ್ಲೇ ಬೀಡುಬಿಟ್ಟಿದೆ. ಅವನು ಕೋಲೆತ್ತಿದರೆ ಜನ "ವೃಷಭೇಂದ್ರಪ್ಪನ ಮಾತದೆ ಕಣ್ಲಾ, ಕೋಲಿಳ್ಸು" ಎನ್ನುತ್ತಾರೆ. ಅವನು ಹಲ್ಲು ಕಡಿದುಕೊಂಡು ಇಳಿಸುತ್ತಾನೆ. ನಾಳೆ ಸತ್ಯ ಬೇರೆಯವರ ಬಾಯಿಂದ ಬಂದರೆ ಅಪ್ಪ ಆ ಜಗಲಿಯ ಮೇಲೆ ಮತ್ತೆ ಕೂರಲಾರರು.

ಕೆಲಸ ಬಿಟ್ಟು ಬರಬೇಡ. ಓಡಿಬಂದವನ ಅಪ್ಪ ಎನ್ನಿಸಿಕೊಳ್ಳುವುದು ಅವರಿಗೆ ಇನ್ನೂ ಕಷ್ಟ. ನೀನೇ ಅವರಿಗೆ ಬರಿ. ನಾನು ಓದುತ್ತೇನೆ.

ಅಕ್ಕ

ಹರವೆ
೨ ಅಕ್ಟೋಬರ್ ೧೯೫೫

ಶಂಭು,

ಮೂರು ತಿಂಗಳಾಯಿತು, ಒಂದಕ್ಷರವಿಲ್ಲ. ಮತ್ತೆ ಹಡಗು ಹತ್ತಿದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ನಾನು ಏನು ಮಾಡುತ್ತಿದ್ದೇನೆಂದು ಕೇಳಿದರೆ ನಗುತ್ತೀಯೋ ಅಳುತ್ತೀಯೋ. ಶನಿವಾರ ಬಂದ ಕೂಡಲೇ ಅಪ್ಪ "ಮಗ ಏನ್ ಬರ್ದವ್ನೆ?" ಎನ್ನುತ್ತಾರೆ. ಇಲ್ಲ ಎಂದರೆ ಆ ಮುಖ ನೋಡಲಾಗುವುದಿಲ್ಲ. ಅದಕ್ಕೆ ನನ್ನ ಚೀಲದಿಂದ ಖಾಲಿ ಹಾಳೆಯೊಂದನ್ನು ತೆಗೆದು ಹಿಡಿದುಕೊಂಡು ಓದುತ್ತೇನೆ. ನಿನಗೆ ನೆಗಡಿಯಾಗಿತ್ತು, ವಾಸಿಯಾಯಿತು. ೨೧೪೬೩ ಚೆನ್ನಾಗಿದೆ, ಮೊನ್ನೆ ಕಾಣಿಸಿಕೊಂಡಿತಂತೆ. ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ವಾರವಿಡೀ ಪಾಠ ಮಾಡಿ ಶನಿವಾರ ಬಸ್ಸು ಹತ್ತಿ ಬಂದು ನಾನು ಮಾಡುವ ಕೆಲಸ ಇದು.

ಇನ್ನು ನನ್ನ ಕೈಲಾಗದು. ಬರಿ.

ಶಾಂತಮಲ್ಲಮ್ಮ

ಹಡಗಿನಿಂದ, ದಕ್ಷಿಣ ಸಮುದ್ರ
೨೦ ಜನವರಿ ೧೯೫೬

ಅಪ್ಪನ ಪಾದಗಳಿಗೆ ಶಂಭುಲಿಂಗನ ಶರಣು.

ಅಕ್ಕ, ಇದನ್ನು ಒಂದಕ್ಷರ ಬಿಡದೆ ಓದು.

ಅಪ್ಪ, ನಾನು ಗುರುತು ಹಾಕಿದ ೨೧೪೬೩ ನಂಬರಿನ ತಿಮಿಂಗಿಲವನ್ನು ಹೋದ ವರ್ಷ ಫೆಬ್ರವರಿಯಲ್ಲೇ ಕೊಂದರು. ನಮ್ಮ ಹಡಗಿನವರಲ್ಲ, ಎಣ್ಣೆಗಾಗಿ ತಿಮಿಂಗಿಲ ಹಿಡಿಯುವ ಹಡಗಿನವರು. ನಾವು ಹಾಕುವ ಮುದ್ರೆ ಬಸವನ ಮುದ್ರೆಯಲ್ಲ. ಅದನ್ನು ನೋಡಿ ಯಾರೂ ಕೈ ಬಿಡುವುದಿಲ್ಲ. ಅದು ಮೈಯೊಳಗೇ ಹೋಗಿಬಿಡುವುದರಿಂದ ಕೊಲ್ಲುವವರಿಗೆ ಕಾಣುವುದೂ ಇಲ್ಲ. ಪ್ರಾಣಿ ಸತ್ತು, ಕೊಯ್ದು, ಬೇಯಿಸಿದ ಮೇಲೆ ನಮ್ಮ ಕೈಗೆ ಬರುತ್ತದೆ. ಸ್ಟೇಷನ್ನಿನಲ್ಲಿ ನೀವು ಕೇಳಿದಾಗ ಇದನ್ನು ಹೇಳಬೇಕಿತ್ತು. ನೀವು ಕಳಿಸದೆ ಹೋದೀರೆಂದು ಹೆದರಿ ಹೇಳಲಿಲ್ಲ. ಅಕ್ಕನಿಗೆ ಜೂನಿನಲ್ಲಿ ತಿಳಿಸಿ, ನಿಮಗೆ ಹೇಳಬೇಡವೆಂದು ನಾನೇ ಬಾಯಿ ಕಟ್ಟಿದ್ದೆ. ಅವಳ ಮೇಲೆ ಕೋಪ ಮಾಡಬೇಡಿ. ಆಮೇಲೆ ಏಳು ತಿಂಗಳು ಬರೆಯಲಿಲ್ಲ. ಏನು ಬರೆಯಲು ಕುಳಿತರೂ ನಾಚಿಕೆಯಾಗುತ್ತಿತ್ತು.

ಈಗ ಬರೆಯಲು ಧೈರ್ಯ ಬಂದದ್ದು ಯಾಕೆಂದರೆ, ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದೆ.

ಲಂಡನ್ನಿನಲ್ಲಿ ಮೂರು ತಿಂಗಳು ಕುಳಿತು ಬೇರೊಂದು ಸಾಧನ ಮಾಡಿದೆ. ತೆಳುವಾದ ಗಾಜಿನ ಕೊಳವೆ, ಒಂದು ತುದಿ ಮುಚ್ಚಿದ್ದು. ಒಳಗೆ ನೀರು ತಾಗಿದರೆ ತೊಳೆದುಹೋಗುವ ಕೆಂಪು ಬಣ್ಣ ಬಳಿದಿರುತ್ತೇನೆ. ಆಳಕ್ಕೆ ಹೋದಷ್ಟೂ ನೀರು ಒಳಗೆ ನುಗ್ಗಿ ಬಣ್ಣ ತೊಳೆಯುತ್ತದೆ. ಎಲ್ಲಿಯವರೆಗೆ ಬಣ್ಣ ಹೋಗಿದೆ ಎಂದು ನೋಡಿದರೆ ಎಷ್ಟು ಆಳ ಮುಳುಗಿತ್ತೆಂದು ತಿಳಿಯುತ್ತದೆ. ಇದನ್ನು ಒಂದು ಬೆಂಡಿಗೆ ಕಟ್ಟಿ, ಸಣ್ಣ ಮುಳ್ಳಿನಿಂದ ತಿಮಿಂಗಿಲದ ಬೆನ್ನಿಗೆ ಸಿಕ್ಕಿಸುತ್ತೇವೆ. ನಡುವೆ ಉಪ್ಪುನೀರಿನಲ್ಲಿ ಸವೆದುಹೋಗುವ ಲೋಹದ ಕೊಂಡಿ. ಕೆಲವು ಗಂಟೆಗಳಲ್ಲಿ ಕೊಂಡಿ ಸವೆದರೆ ಬೆಂಡು ತಾನಾಗಿ ಕಳಚಿಕೊಂಡು ತೇಲುತ್ತದೆ. ಪ್ರಾಣಿ ಸಾಯಬೇಕಾಗಿಲ್ಲ.

ಮೊದಲನೆಯದು ಕಳೆದುಹೋಯಿತು. ಎರಡನೆಯದು ಒಡೆದುಹೋಯಿತು. ಮೂರನೆಯದು ನಿನ್ನೆ ಐದು ಗಂಟೆ ಕಾದ ಮೇಲೆ ಹಡಗಿನಿಂದ ಕೂಗಳತೆಯಲ್ಲಿ ತೇಲಿಬಂತು. ನಾನೇ ದೋಣಿಯಲ್ಲಿ ಹೋಗಿ ಎತ್ತಿಕೊಂಡೆ. ನೂರೆಪ್ಪತ್ತೆರಡು ಮಾರು! ನಮ್ಮ ಬಾವಿಯಂಥ ಇಪ್ಪತ್ತೊಂದು ಬಾವಿಗಳನ್ನು ಒಂದರ ಕೆಳಗೊಂದು ತೋಡಿದಷ್ಟು. ಅಷ್ಟು ಕತ್ತಲೆಗೆ ಇಳಿದು ಮೇಯ್ದು ಬಂದ ತಿಮಿಂಗಿಲ ನಮ್ಮ ಎದುರಿಗೇ ಉಸಿರು ಬಿಟ್ಟು ಮತ್ತೆ ಮುಳುಗಿತು. ಬದುಕಿರುವ ಪ್ರಾಣಿಯೇ ನಮಗೆ ಲೆಕ್ಕ ಕೊಟ್ಟು ಹೋಯಿತು. ಅಪ್ಪ, ನನಗೆ ಬಹಳ ಹೆಮ್ಮೆಯಾಯಿತು.

ಆದರೆ ಈ ಸಲ ಅರ್ಧ ಹೇಳಿ ನಿಲ್ಲಿಸುವುದಿಲ್ಲ. ನಂಬರಿನ ಕೊಳವೆ ಹೊಡೆಯುವ ಕೆಲಸವೂ ನಡೆದೇ ಇದೆ, ನಾನೂ ಹೊಡೆಯುತ್ತೇನೆ. ನಿನ್ನೆಯ ತಿಮಿಂಗಿಲವನ್ನು ನಾಳೆ ಯಾರೂ ಕೊಲ್ಲುವುದಿಲ್ಲ ಎಂದು ನಾನು ಹೇಳಲಾರೆ. ನೀವು ಈ ಕೆಲಸ ಬಿಡು ಎಂದರೆ ಬಿಡುತ್ತೇನೆ.

ನಿಮ್ಮ ಮಗ
ಶಂಭುಲಿಂಗಪ್ಪ

ಹರವೆ
೨೨ ಏಪ್ರಿಲ್ ೧೯೫೬

ಶಂಭು, ಇದು ಅಪ್ಪ ಹೇಳಿ ಬರೆಸಿದ ಕಾಗದ. ತಿದ್ದಬೇಡ, ನಾನು ಅಂದ ಹಾಗೇ ಬರಿ ಎಂದು ಆಣೆ ಹಾಕಿದ್ದಾರೆ. ಹಾಗೇ ಬರೆದಿದ್ದೇನೆ.

ಶಂಭು, ನಿನ್ ಕಾಗ್ದ ಬಂತು ಕಣಪ್ಪ. ನಿಮ್ಮಕ್ಕ ಮೊದ್ಲು ನನ್ನೊಬ್ಬನ್ ಮುಂದೆ ಓದುದ್ಲು. ಒಂದಕ್ಸರ ಬುಡ್ನಿಲ್ಲ. ಅವ್ಳು ಬರೀ ಆಳೆ ಇಡ್ಕೊಂಡು ಓದ್ತಿದ್ದುದ್ದು ನಂಗೆ ಗೊತ್ತಿತ್ತು. ಮೂರು ಶನ್ವಾರ ಅದೇ ಕಾಗ್ದ, 
ಮೂಲೇಲಿ ಅದೇ ಎಣ್ಣೆ ಕರೆ. ದನದ ಮುದ್ರೆ ಗುರ್ತಿಡಿಯೋನ್ಗೆ ಕಾಗ್ದದ ಕರೆ ಗೊತ್ತಾಗಾಕಿಲ್ವ? ಮಕ್ಳು ಯೋಳ್ದಾಗ ಯೋಳ್ಲಿ ಅಂತ ಸುಮ್ಕಿದ್ದೆ. ಇಷ್ಟ್ ದೊಡ್ಡದು ಅಂತ ತಿಳ್ದಿರ್ನಿಲ್ಲ.

ಕ್ವಾಪ ಬಂತು. ಎಲ್ಡು ದಿನ ಶಿವಪೂಜೆಗೆ ಕುಂತ್ರೂ ಮನ್ಸು ನಿಲ್ನಿಲ್ಲ. ಟೇಸನ್ನಾಗೆ ನೀನು ಅರ್ಧ ಯೋಳ್ದೆ, ಅದು ನಿನ್ ತಪ್ಪು. ಆದ್ರೆ ಬಸವ ಅಂತ ನೀನೇನೂ ಬರ್ದಿರ್ನಿಲ್ಲ. ಅಂದೋನು ನಾನು. ಅರ್ಧ ಕೇಳ್ಕೊಂಡು ಪೂರಾ ಯೋಳ್ಬುಟ್ಟೆ. ಅದು ನನ್ ತಪ್ಪು.

ಸೋಮಾರ ನಿಮ್ಮಕ್ಕನ್ನ ಕರ್ಕೊಂಡು ಮಠದ ಜಗ್ಲಿಗೆ ಓದೆ. ಎಂಗಸ್ರು ಅಲ್ಲಿ ನಿಂತು ಓದಿದ್ದು ಅದೇ ಮೊದ್ಲು, ಒಬ್ಬಿಬ್ರು ಗೊಣಗುದ್ರು. "ಓದಮ್ಮಿ" ಅಂದೆ. ಓದುದ್ಲು. ಆಮ್ಯಾಕೆ ನಾನೆದ್ದು ನಿಂತೆ. "ಆ ನಂಬ್ರುದ್ದನ್ನ ಯಾರೂ ಮುಟ್ಟಾಕಿಲ್ಲ ಅಂತ ಇಲ್ಲೇ ನಿಂತು ಅಂದಿದ್ದೆ. ಮುಟ್ಟವ್ರೆ. ಕೊಂದವ್ರೆ. ನನ್ ಮಾತು ತಪ್ಪು. ವಾಪಸ್ ತಕೊಂಡಿವ್ನಿ" ಅಂದೆ. ಮರಿಮಲ್ಲಪ್ಪ ಜೋರಾಗಿ ನಗಾಡ್ಬುಟ್ಟು, "ಅಂಗಾರೆ ಆ ಕರ ಕಟ್ಟಾಕು, ನನ್ನ ಅವ್ರೆ ಒಲ ಬೋಳ್ಸದೆ" ಅಂದ. "ಕರ ಏನ್ಲಾ ಸುಳ್ಳೇಳುತ್ತು ಅದನ್ನ ಕಟ್ಟಾಕೆ? ಬುಟ್ಟಿದ್ದು ಬುಟ್ಟಂಗೇ ಇರ್ಲಿ, ನಿನ್ನ ಅವ್ರೆ ನಾನು ತುಂಬ್ಕೊಡ್ತೀನಿ" ಅಂದ್ಬುಟ್ಟು ಮನೆಗೆ ಬಂದೆ.

ಎಂಟು ದಿನ ನಮ್ಮ ಜಗ್ಲಿಗೆ ಒಂದು ನರಪಿಳ್ಳೆ ಬರ್ನಿಲ್ಲ. ಮೂವತ್ತೊರ್ಸದಲ್ಲಿ ಅಂಗಾಗಿರ್ನಿಲ್ಲ ಕಣ್ಲಾ. ಮುಗೀತು ಅನ್ಕೊಂಡೆ. ನಿಮ್ಮಕ್ಕ ಒಲೆ ಮುಂದೆ ಕುಂತ್ಕೊಂಡು ಅಳ್ತಿದ್ಲು, ನಾನು ಕಂಡ್ರೂ ಕಾಣ್ದಂಗಿದ್ದೆ.

ಒಂಬತ್ನೇ ದಿನ ಪುಣಜನೂರಿಂದ ಇಬ್ರು ಬಂದ್ರು, ಮಾದೇವ ಅಂತ ಒಬ್ಬ, ಮೂಗಯ್ಯ ಅಂತ ಒಬ್ಬ. ಒಂದು ಕೆಂಪು ಅಸ ಒಡ್ಕೊಂಡು ಬಂದಿದ್ರು. ಒಂದು ಮುದ್ರೆ ಮ್ಯಾಲೆ ಇನ್ನೊಂದು ಮುದ್ರೆ ಬಿದ್ದದೆ, ಇಬ್ರೂ ನಂದು ಅಂತಾರೆ, ಒಡ್ದಾಟ ಆಗದೆ. "ಇಷ್ಟ್ ದೂರ ಯಾಕ್ ಬಂದ್ರಿ? ನನ್ ಮಾತು ತಪ್ಪಾಯ್ತು ಅಂತ ಕೇಳ್ನಿಲ್ವಾ?" ಅಂದೆ. "ಕೇಳೇ ಬಂದೊ ಕಣಪ್ಪೋ" ಅಂದ ಮೂಗಯ್ಯ. "ನಂದೇ ಸರಿ ಅನ್ನೋರು ನಮ್ಮೂರಾಗೂ ಬೇಕಾದಷ್ಟು ಅವ್ರೆ. ತಪ್ಪಾದ್ರೆ ತಾನೇ ಎದ್ದು ಯೋಳೋನು ಯಾರು ಅಂತ ಉಡುಕ್ಕೊಂಡು ಬಂದೊ."

ಅಸ ನೋಡ್ದೆ. ಕೂದ್ಲು ಸರ್ಸಿ, ಅಳೇ ಕಲೆ ಬೆರಳಲ್ಲಿ ಮುಟ್ಟಿ ನೋಡ್ದೆ. ಮಾದೇವಂದು ಅಂದೆ. ಮೂಗಯ್ಯ ತಾನೇ ಅಗ್ಗ ಬಿಚ್ಚಿ ಅವ್ನ್ ಕೈಗೆ ಕೊಟ್ಟ. ಅದಾದ್ ಮ್ಯಾಲೆ ಭೀಮನಬೀಡಿಂದ್ಲೂ ಬಂದ್ರು. ಈಗ ಜಗ್ಲಿ ಮೊದ್ಲಂಗೆ ತುಂಬದೆ.

ಕೆಲ್ಸ ಬುಡ್ಲಾ ಅಂತ ಕೇಳಿದ್ದೀಯೆ. ಬುಡ್ಬ್ಯಾಡ. ಸತ್ತಿದ್ದನ್ನ ಎಣ್ಸೋರು ಒಬ್ರಾದ್ರೂ ಇಲ್ದೋದ್ರೆ, ಎಷ್ಟು ಕೊಂದ್ರು ಅಂತ ಯಾರಿಗ್ ಗೊತ್ತಾಯ್ತದೆ? ಎಣ್ಸು. ಆ ಗಾಜಿನ ಕೊಳ್ವೇದನ್ನೂ ಬುಡ್ಬ್ಯಾಡ. ಮೂರರಾಗೆ ಒಂದು ಬಂತು ಅಂದ್ರೆ ಮುಂದೆ ಮೂರೂ ಬತ್ತವೆ.

ಪುಣಜನೂರೋರು ಓಗ್ವಾಗ ನಿನ್ ಮಗ ಅಲ್ಲೇನ್ ಮಾಡ್ತಾನಪ್ಪ ಅಂತ ಕೇಳುದ್ರು. "ನೀರೊಳ್ಗೆ ತಿಮಿಂಗ್ಲ ನೂರೆಪ್ಪತ್ತೆರಡು ಮಾರು ಮುಳುಗ್ತದೆ ಅಂತ ಅಳ್ದವ್ನೆ, ಬದ್ಕಿರೋದನ್ನ. ಸತ್ತಿದ್ರೆ ಸತ್ತದೆ ಅಂತ ಬಚ್ಚಿಡ್ದೆ ಬರೀತಾನೆ" ಅಂದೆ. ಅಂಗ್ ಯೋಳ್ವಾಗ ಎದೆ ತುಂಬ್ಬಂತು ಕಣ್ಲಾ, ಮೊದ್ಲು ಬಸವ ಅಂದಾಗ್ಲೂ ಅಷ್ಟ್ ತುಂಬಿರ್ನಿಲ್ಲ. ಮೊನ್ನೆ ಸೋಮಾರ ಮಠದ ಜಗ್ಲೀಲೂ ಇದನ್ನೇ ಯೋಳಿವ್ನಿ. ಒಂದು ಮಾತು ವಾಪಸ್ ತಕೊಂಡಾಯ್ತು. ಇದನ್ನ ತಕೊಳ್ಳಾಕಿಲ್ಲ, ಇದನ್ನ ಉಳ್ಸೋದು ನಿನ್ ಕೈಲದೆ.